ಹೆಪ್ಪುಗಟ್ಟದ ನೀರಿಗೆ ಬಾವುಟ

ಆಲ್ಡೆವೀರ್, ಫ್ರೀಸ್‌ಲ್ಯಾಂಡ್
ಜನವರಿ ೧೯, ಭಾನುವಾರ. ಮೋಡ, ಹನ್ನೊಂದು ಡಿಗ್ರಿ. ಮನೆಯಲ್ಲಿ ನಾನೊಬ್ಬಳೇ.

ಮುದ್ದಿನ ಈಮ್ಕೆ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಚೆನ್ನಾಗಿಲ್ಲವೆಂದು ಎತ್ತಿಡಬೇಡ. ನನ್ನ ಮಂಡಿ ಹಾಗೇ ಇದೆ. ನಿಮ್ಮಪ್ಪನಿಗೆ ಕಾಯಿಲೆಯೇನೂ ಇಲ್ಲ, ಆದರೆ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಕಾರಣ ಬರೆಯುತ್ತೇನೆ, ಬರೆದರೆ ನನಗೂ ಸ್ವಲ್ಪ ಅರ್ಥವಾದೀತು.

ಕಳೆದ ಶರತ್ಕಾಲದಲ್ಲೂ ಅವರು ಎಂದಿನಂತೆ, ಚಳಿಗೆ ಮಂಜುಗಡ್ಡೆಯಾಗಲೆಂದು, ಸ್ಕೇಟಿಂಗ್ ಕ್ಲಬ್ಬಿನ ಹುಲ್ಲುಗಾವಲಿಗೆ ನೀರು ತುಂಬಿಸಿದರು. ಎಂದಿನಂತೆ ಅದು ಹೆಪ್ಪುಗಟ್ಟಲಿಲ್ಲ. ಇನ್ನು ಮುಂದೆ ನೀರು ತುಂಬಿಸುವುದನ್ನೇ ನಿಲ್ಲಿಸಬೇಕೆ ಎಂದು ತೀರ್ಮಾನಿಸಲು ಶುಕ್ರವಾರ ಕ್ಲಬ್ಬಿನ ಸಭೆಯಿದೆ. ಅವರ ಅಪ್ಪನೂ ಅಲ್ಲೇ ಮಂಜುಗಡ್ಡೆಯ ದಪ್ಪ ಅಳೆದು, ಇನ್ನು ಸ್ಕೇಟು ಕಟ್ಟಿ ಇಳಿಯಬಹುದೆಂದು ಬಾವುಟ ಏರಿಸುತ್ತಿದ್ದವರು, ನಿನಗೆ ಗೊತ್ತಲ್ಲ. ಹೀಗಿರುವಾಗ ರಾಟರ್‌ಡ್ಯಾಮಿನಿಂದ ಲೀಸೆಲೋಟ್ ಎಂಬ ಕಲಾವಿದೆ ಬಂದು, ಮಂಜುಗಡ್ಡೆ ಇಲ್ಲದ ಒಂದು ದಿನ ಬಾವುಟ ಏರಿಸಿಕೊಡಿ, ಅಷ್ಟೇ ನನ್ನ ಕಲಾಕೃತಿ ಎಂದಳು. ಕಲೆಯೆಂದರೆ ಚೌಕಟ್ಟಿನಲ್ಲಿರಬೇಕು ಎನ್ನುವ ಈ ಮನುಷ್ಯ ಒಪ್ಪಿಬಿಟ್ಟರು. ಏಕೆಂದು ಕೇಳಿದೆ. "ಏಳು ವರ್ಷ ಮಡಚಿಟ್ಟಿದೀನಿ. ಗಾಳಿನಾದ್ರೂ ಕುಡೀಲಿ ಬಿಡು," ಎಂದರು.

ನಿನ್ನೆ ಬೆಳಿಗ್ಗೆ ಬಾವುಟ ಏರಿತು. ಜನ ನಗುತ್ತಾರೆಂದುಕೊಂಡಿದ್ದೆ. ಅವರು ಸ್ಕೇಟು ಹಿಡಿದುಕೊಂಡು ಬಂದರು, ಈಮ್ಕೆ. ಪಕ್ಕದ ಮನೆಯ ಹಿಂಕೆ ಬಟಾಣಿ ಸೂಪಿನ ದೊಡ್ಡ ಪಾತ್ರೆಯನ್ನೇ ಗಾಡಿಯಲ್ಲಿಟ್ಟು ತಂದಳು. ವೀಬ್ರೆನ್ ಮಾಮ ಬೆಂಚಿನ ಮೇಲೆ ಕೂತು, ಎರಡೂ ಕಾಲಿಗೆ ಸ್ಕೇಟು ಬಿಗಿದು, ಆಮೇಲೆ ತಲೆಯೆತ್ತಿದರು. ಎದುರಿಗೆ ಬಾತುಕೋಳಿಗಳು ಈಜುತ್ತಿದ್ದವು. "ಮುಂದಿನ ಸಲ ದೋಣಿ ತನ್ನಿ," ಎಂದಳು ಹಿಂಕೆ. ಯಾರೂ ನಗಲಿಲ್ಲ. ವೀಬ್ರೆನ್ ನಿಮ್ಮಪ್ಪನ ಕಡೆ ತಿರುಗಿ, "ಸೆಕೆಗೆ ದಾರೀಲೇ ಕೋಟು ಬಿಚ್ಚಿದೆ ಕಣೋ, ಡುರ್ಕ್. ಆದ್ರೂ ನಿನ್ನ ಬಾವುಟಾನೇ ನಂಬಿದೆ," ಎಂದರು.

ಮನೆಗೆ ಹೋಗುತ್ತಾರೆಂದುಕೊಂಡೆ, ಹೋಗಲಿಲ್ಲ. ಸೂಪು ಕುಡಿಯುತ್ತ ಕೊನೆಯ ಬಾರಿ ನೀರು ಗಟ್ಟಿಯಾದದ್ದು ಯಾವ ವರ್ಷವೆಂದು ಜಗಳವಾಡಿದರು. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲೇ ಇರುತ್ತಿದ್ದ ವೀಬ್ರೆನ್‌ರ ಹಸುಗಳು ಈಗ ಡಿಸೆಂಬರಿನಲ್ಲೂ ಹೊರಗೆ ಮೇಯುತ್ತವಂತೆ. ಹೇಳಲು ಇಷ್ಟು ದಿನ ನಾಚಿಕೆಯಾಗಿತ್ತಂತೆ. ಹಿಂಕೆಯ ಮನೆಯಲ್ಲಿ ಒಂದೇ ಜೊತೆ ಸ್ಕೇಟು ಮೂವರು ಮೊಮ್ಮಕ್ಕಳ ಕಾಲಿಗೆ ಚಿಕ್ಕದಾಯಿತು, ಇನ್ನೂ ಹೊಸದಾಗಿಯೇ ಇದೆ. ಟಿ.ವಿ.ಯಲ್ಲಿ ಹವಾಮಾನ ಬದಲಾವಣೆಯ ಮಾತು ಬಂದರೆ ಚಾನೆಲ್ ಬದಲಿಸುವವರೇ ಇವರೆಲ್ಲ. ಆ ಕಲಾವಿದೆ ಹುಡುಗಿ ಒಂದು ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಇದು ಕಲೆಯೋ, ನಮ್ಮನ್ನು ಮಂಗ ಮಾಡಿದ್ದೋ, ಇನ್ನೂ ತಿಳಿಯುತ್ತಿಲ್ಲ.

ರಾತ್ರಿ ನಿಮ್ಮಪ್ಪ ಕೇಳಿದ್ದು ಒಂದೇ ಮಾತು: "ನಾನು ಸುಳ್ಳು ಹೇಳ್ದೆನಾ, ಗೇಸ್ಕೆ?" ಇಲ್ಲ ಎನ್ನಲು ಬಾಯಿ ತೆರೆದೆ. ಒಂದು ದಿನದ ಬಾವುಟ ಸುಳ್ಳಾದರೆ, ವರ್ಷವರ್ಷವೂ ತುಂಬಿಸುವ ಆ ನೀರನ್ನು ಏನೆನ್ನಬೇಕು ಎಂದು ಥಟ್ಟನೆ ಹೊಳೆಯಿತು. ಅವರು ದೀಪ ಆರಿಸಿದರು.

ಮೈ ಬೆಚ್ಚಗಿಟ್ಟುಕೊ. ನಿನ್ನ ಕೋಣೆಯ ಗೆಳತಿಗೂ ನನ್ನ ನೆನಪು ತಿಳಿಸು. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ
ಅಮ್ಮ

ಮರೆತ ಮಾತು: ಅವರು ಬರುವ ಸದ್ದಾಗುತ್ತಿದೆ. ಶುಕ್ರವಾರ ಕೈಯೆತ್ತಿ ಮತ ಹಾಕಬೇಕು. ನಾನು ನೀರು ನಿಲ್ಲಿಸುವವರ ಕಡೆ ಕೈಯೆತ್ತುತ್ತೇನೆ. ಅವರು ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಇನ್ನೂ ಅವರಿಗೆ ಹೇಳಿಲ್ಲ.