ಚರ್ಚಿನ ಮೈಕು ಕೆಡುತ್ತಿಲ್ಲ

ಅಪ್ಪಾ,

ಈ ಕಾಗದ ಹಾಕಲು ನೀನೀಗ ಇರುವ ಊರಿಗೆ ಅಂಚೆಯಿಲ್ಲ, ಆದರೂ ಹೇಳದೆ ಇರಲಾರೆ. ನೀನು ಹೋದ ಮೇಲೆ ಚರ್ಚಿನ ಮೈಕು ಒಂದು ಸಲವೂ ಕೆಟ್ಟಿಲ್ಲ. ಪಾದ್ರಿಗಳ ಪ್ರಸಂಗ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿ, ಮಕ್ಕಳು ಬೆಂಚಿನ ಮೇಲೇ ಮಲಗಿಬಿಡುತ್ತವೆ.

"ನಿಮ್ಮ ಯಜಮಾನ್ರು ಇದ್ದಾಗ ಆಗಾಗ ಕೆಡ್ತಿತ್ತು. ಪಾಪ, ಅವರೇ ಎದ್ದು ಹೋಗಿ ರಿಪೇರಿ ಮಾಡೋರು," ಎಂದು ಚರ್ಚಿನಲ್ಲಿ ಪಕ್ಕ ಕೂರುವ ಟೈಲರಮ್ಮ ಅಮ್ಮನಿಗೆ ಹೇಳುತ್ತಾಳೆ. ಅಮ್ಮ ತಲೆಯಾಡಿಸುತ್ತಾಳೆ. ನೀನು ಹೋದಾಗಿನಿಂದ ಅವಳು ನಕ್ಕಿಲ್ಲ.

ಇವತ್ತು ನಾನು ಯಾವಾಗಲೂ ಕೂರುವ ಹಿಂದಿನ ಸಾಲು ಬಿಟ್ಟು, ಅಮ್ಮನ ಪಕ್ಕ ನಿನ್ನ ಜಾಗದಲ್ಲಿ ಕೂತೆ. ಪಾದ್ರಿಗಳು ಜಲಪ್ರಳಯದ ಕಥೆ ಹೇಳುತ್ತಾ ನೋಹನ ನಾವೆಗೆ ಒಂದೊಂದೇ ಪ್ರಾಣಿ ಹತ್ತಿಸುತ್ತಿದ್ದರು. ಜೋಮು ಹಿಡಿದ ಕಾಲು ಚಾಚಿದೆ. ಬೆಂಚಿನಡಿ ಏನೋ ಟಕ್ಕೆಂದಿತು, ಮೈಕು ನಿಂತುಹೋಯಿತು. ಬಗ್ಗಿ ನೋಡಿದರೆ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದ ಸ್ವಿಚ್ಚು. ಮನೆಯ ನಲ್ಲಿಗೂ ಕುರ್ಚಿಗೂ ನೀನು ಕಟ್ಟಿದ್ದ ಅದೇ ಗಂಟು.

"ಹೋಗೋ, ರಿಪೇರಿ ಮಾಡೋ ಹಾಗೆ ನಟಿಸು," ಎಂದಳು ಅಮ್ಮ, ತುಟಿ ಅಲ್ಲಾಡಿಸದೆ.

ಹೋಗಿ ಮೈಕಿನ ಕತ್ತು ತಿರುವುತ್ತಾ ನಿಂತೆ. ಪಾದ್ರಿಗಳು ಕಿವಿಯಲ್ಲಿ ಉಸುರಿದರು: "ನಿಮ್ಮಪ್ಪ ಆನೆ ಹತ್ತೋವರೆಗಾದ್ರೂ ಕಾಯ್ತಿದ್ದ ಕಣೋ. ಇರಲಿ, ಒಳ್ಳೇದಾಯ್ತು. ಅವನು ಹೋದ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತಾನೇ ನನಗೆ ತಿಳೀತಿಲ್ಲ."

ಅಲ್ಲಿಗೇ ಆಶೀರ್ವಾದ ಹೇಳಿ ಮುಗಿಸಿದರು.

ಹಿಂತಿರುಗಿದಾಗ ಅಮ್ಮ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಟೈಲರಮ್ಮ ಬೆನ್ನು ಸವರುತ್ತಿದ್ದಳು. ಪುಸ್ತಕದ ಹಿಂದೆ ಇಣುಕಿದರೆ, ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಆ ಬೆಂಚಿನಲ್ಲಿ ನಮ್ಮ ಮೂರೂ ಜನಕ್ಕೆ ಆರಾಮಾಗಿ ಜಾಗ ಇದೆ, ಅಪ್ಪಾ.