ಬೋಳು ಕುತ್ತಿಗೆ

ಜುಲೈ 24, 2011, ಭಾನುವಾರ

ಇವತ್ತೂ ಮನೆ ಹುಡುಕಿದ್ದೇ ಆಯಿತು. ಲಗ್ಗೆರೆಯಲ್ಲಿ ಮೂರು ವಠಾರ. ಮೂರರಲ್ಲೂ ಮೊದಲು ನನ್ನ ಕುತ್ತಿಗೆ ನೋಡಿದರು, ಆಮೇಲೆ ಮುಖ. ಕೊನೆಯ ವಠಾರದ ಓನರ್ ರಾಮಮ್ಮನಿಗೆ ರಿಜಿಸ್ಟರ್ ಮದುವೆಯ ಸರ್ಟಿಫಿಕೇಟ್ ತೋರಿಸಿದೆ.

"ಸೀಲೈತೆ, ಸರಿ. ಇದನ್ನೇನು ಬಾಗಿಲಿಗೆ ಅಂಟಿಸ್ಕಂತೀಯಾ? ಇಂಗೆ ಬೋಳು ಕುತ್ತಿಗೇಲಿ ಓಡಾಡಿದ್ರೆ ನಾಕು ಜನ ಏನಂತಾರಮ್ಮ?"

ಯಾರು ಆ ನಾಲ್ಕು ಜನ? ಇಷ್ಟು ದಿನವಾಯಿತು, ಒಬ್ಬರೂ ಎದುರಿಗೆ ಸಿಕ್ಕಿಲ್ಲ.

ಜುಲೈ 28

ಈಗಿರುವುದು ನನ್ನ ಗಂಡ ಈಶಪ್ಪನ ಗೆಳೆಯನ ರೂಮು. ತಿಂಗಳ ಕೊನೆಗೆ ಬಿಡಬೇಕು. ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಗಂಡ ಶುರುಮಾಡಿದ—

"ನಮ್ಮ ಲೇತ್ ಮಶೀನಿಗೂ ನಿಂಬಿಹಣ್ಣು ಕಟ್ಟತೀವಿ. ಅದೇನು ದೇವರನ್ನ ನಂಬತದೇನು ಶೈಲಾ? ಕಟ್ಕೋ ಒಂದು ದಾರ."

"ನಾ ನಿನ್ನ ಮಶೀನ್ ಅಲ್ಲ."

"ಹೌದು ಬಿಡು. ಮಶೀನ್ ಇಷ್ಟು ವಾದಾ ಮಾಡೂದಿಲ್ಲ."

ನಗು ಬಂತು. ನಗಲಿಲ್ಲ.

ಜುಲೈ 31

ಕಟ್ಟಿಕೊಂಡೆ. ಅರಿಶಿನದ ಕೊಂಬು, ದಾರ. ಕನ್ನಡಿ ನೋಡಿ ನಾನೇ ಗಂಟು ಹಾಕಿಕೊಂಡೆ, ಈಶಪ್ಪನನ್ನು ಮುಟ್ಟಗೊಡಲಿಲ್ಲ. ತಾಳಿ ಗುಲಾಮಗಿರಿಯ ಗುರುತು ಎಂಬ ಕರಪತ್ರವನ್ನು ಫ್ಯಾಕ್ಟರಿ ಗೇಟಿನಲ್ಲಿ ನಿಂತು ಹಂಚಿದವಳು ನಾನು. ರಾಮಮ್ಮ ಕುತ್ತಿಗೆ ನೋಡಿದ್ದೇ ಬೀಗದ ಕೈ ಕೊಟ್ಟರು. ಸರ್ಕಾರದ ಸೀಲಿಗಿಂತ ಕೊಂಬು ದೊಡ್ಡದು.

ಆಗಸ್ಟ್ 10

ಶುಕ್ರವಾರ ವರಮಹಾಲಕ್ಷ್ಮಿ. ರಾಮಮ್ಮ ವಠಾರದ ಮುತ್ತೈದೆಯರನ್ನೆಲ್ಲ ಕರೆದಿದ್ದಾರೆ. ನನಗೆ ಅದೇ ಬೇಕಿತ್ತು. ಎಲ್ಲರ ಎದುರು ದಾರ ಬಿಚ್ಚಿ ರಾಮಮ್ಮನ ಕೈಗೆ ಕೊಡುತ್ತೇನೆ. ಏನು ಹೇಳಬೇಕು ಅಂತ ಬಸ್ಸಿನಲ್ಲೇ ಜೋಡಿಸಿಕೊಂಡೆ.

ಪಕ್ಕದ ರೂಮಿನ ದೇವಕ್ಕನಿಗೆ ಹೇಳಿದೆ. ಗಂಡ ಗೋವಾದಲ್ಲಿ ಗಾರೆ ಕೆಲಸ, ಇಲ್ಲಿ ಒಬ್ಬಳೇ ಮಗಳನ್ನು ಓದಿಸುತ್ತಾಳೆ. ಶಹಬ್ಬಾಸ್ ಅಂತಾಳೆ ಅಂದುಕೊಂಡಿದ್ದೆ. ಎದ್ದು ಬಾಗಿಲು ಹಾಕಿದಳು.

"ನೀ ಬಿಚ್ಚಿದ್ರ ಎಲ್ಲಾರ ಕೊಳ್ಳ ನೋಡ್ತಾರ ತಂಗಿ. ನಂದೂ."

"ನೋಡಲಿ. ನಿನಗೇನಕ್ಕ?"

"ಅಂವ ಗೋವಾಕ್ಕ ಹೋಗಿದ್ದು ಖರೇ. ಅಲ್ಲೇ ಬಿದ್ದು ಸತ್ತ. ಒಬ್ಬಾಕಿ ಅಂದ್ರ ಯಾರೂ ಮನಿ ಕೊಡಲಿಲ್ಲ. ತಗದಿದ್ದ ತಾಳಿ ಮತ್ತ ಹಾಕ್ಕೊಂಡೆ."

ಪ್ರತಿ ವರ್ಷ ರಾಮಮ್ಮ ಮೊದಲ ಕುಂಕುಮ ಇಡಿಸುವುದು ಇವಳ ಕೈಯಲ್ಲೇ. ಗೊತ್ತಾದರೆ ಮನೆ ಬಿಡಿಸುವುದಷ್ಟೇ ಅಲ್ಲ, ವಿಧವೆ ಕೈಯ ಕುಂಕುಮ ಇಡಿಸಿದೆ ಅಂತ ಬೀದಿಗೆ ಎಳೆಯುತ್ತಾರೆ.

ನನ್ನ ಹತ್ತಿರ ಒಂದು ಕಟ್ಟು ಕರಪತ್ರ ಇದೆ. ಒಂದರಲ್ಲೂ ಇದಕ್ಕೆ ಉತ್ತರ ಇಲ್ಲ.

ಆಗಸ್ಟ್ 12, ಶುಕ್ರವಾರ

ಹೋದೆ. ಚಾಪೆಯ ಮೇಲೆ ಸಾಲಾಗಿ ಕೂತೆವು. "ಹೊಸಬಳು ನೀನು. ದೇವಕ್ಕನ ಕೈಲೇ ಇಡಿಸ್ಕ, ಅವಳ ಕೈಗುಣ ಒಳ್ಳೇದು" ಅಂದರು ರಾಮಮ್ಮ. ದೇವಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು. ನನ್ನ ಕೈಯನ್ನೇ ನೋಡುತ್ತಿದ್ದಳು. ಕೈ ಮಡಿಲಲ್ಲಿಟ್ಟುಕೊಂಡು ಕುತ್ತಿಗೆ ಮುಂದೆ ಚಾಚಿದೆ. ಕೊಂಬಿಗೆ ಕುಂಕುಮ ಇಟ್ಟಳು. ಅವಳ ಬೆರಳು ತಣ್ಣಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಕೋಸಂಬರಿ ಕೊಡುತ್ತಾ ರಾಮಮ್ಮ ಕೇಳಿದರು— "ದೇವಕ್ಕ, ನಿಮ್ಮ ಯಜಮಾನ್ರು ಈ ದೀಪಾವಳಿಗಾದ್ರೂ ಬತ್ತಾರೇನೆ? ಮುಖಾನೇ ನೋಡಿಲ್ವಲ್ಲ."

ದೇವಕ್ಕ ಬಟ್ಟಲಿನ ಅಂಚಿನ ಕುಂಕುಮ ಒರೆಸತೊಡಗಿದಳು. ಎಲ್ಲರೂ ಅವಳನ್ನೇ ನೋಡಿದರು.

"ಬರ್ತಾರಂತೆ ಅಮ್ಮ," ಅಂದೆ. "ಮೊನ್ನೆ ಫೋನಲ್ಲಿ ನಾನೇ ಮಾತಾಡಿದೆ."

ಎಷ್ಟು ಸಲೀಸಾಗಿ ಬಂತು. ಆ ನಾಲ್ಕು ಜನರಲ್ಲಿ ಒಬ್ಬಳನ್ನು ಕೊನೆಗೂ ಕಂಡೆ, ಚಾಪೆಯ ಮೇಲೆ, ನನ್ನ ಜಾಗದಲ್ಲೇ, ತಾಂಬೂಲ ಹಿಡಿದು ಕೂತಿದ್ದಳು.

ಈಗ ದೀಪಾವಳಿಗೆ ದೇವಕ್ಕ ಗಂಡನನ್ನು ಎಲ್ಲಿಂದ ತರುತ್ತಾಳೆ?