ಕೆಂಪು ದೀಪದಲ್ಲಿ ನಿಲ್ಲಿಸಿದ್ದಕ್ಕೆ

ಮಾರ್ಚ್ ೧೧, ಮಂಗಳವಾರ

ಫೈರ್ ಎಂಜಿನ್ ಓಡಿಸುವವನು ಸಿಗ್ನಲ್‌ನಲ್ಲಿ ನಿಲ್ಲಿಸಿದ್ದೇಕೆ ಎಂದು ನಾಳೆ ಬೆಳಿಗ್ಗೆಯೊಳಗೆ ಸಾಹೇಬರಿಗೆ ಬರೆದುಕೊಡಬೇಕಂತೆ. ಜೊತೆಗೆ ಕ್ಷಮೆಯನ್ನೂ ಕೇಳಬೇಕಂತೆ.

ಹಾಸಿಗೆ ಅಂಗಡಿಗೆ ಬೆಂಕಿ ಬಿದ್ದಿತ್ತು. ಸೈರನ್ ಹಾಕಿಕೊಂಡೇ ಹೊರಟಿದ್ದೆ. ಆಸ್ಪತ್ರೆಯ ಮುಂದೆ ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪವಿತ್ತು. ನಿಂತ ಬಸ್ಸೊಂದು ಎಡಗಡೆಯ ರಸ್ತೆಯನ್ನು ಪೂರ್ತಿ ಮರೆಮಾಡಿತ್ತು. ನಿಲ್ಲಿಸಿದೆ.

“ನುಗ್ಸಯ್ಯಾ, ನಮಗ್ಯಾವ ಸಿಗ್ನಲ್ಲು?” ಎಂದರು ಪಕ್ಕದಲ್ಲಿದ್ದ ಸಾಹೇಬರು.

“ಆ ಕಡೆ ಏನೂ ಕಾಣಿಸ್ತಿಲ್ಲ ಸಾರ್.”

ಮಾತು ಮುಗಿಯುವಷ್ಟರಲ್ಲಿ ಬಸ್ಸಿನ ಮರೆಯಿಂದ ಒಂದು ಸ್ಕೂಟರ್ ಬಂತು. ಓಡಿಸುತ್ತಿದ್ದವಳು ಒಬ್ಬ ಹೆಂಗಸು, ಹಿಂದೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕ. ನಮ್ಮ ಬಂಪರಿನಿಂದ ಒಂದು ಮಾರು ದೂರದಲ್ಲಿ ದಾಟಿಹೋದರು. ನಮ್ಮತ್ತ ತಿರುಗಿಯೂ ನೋಡಲಿಲ್ಲ.

ಬೆಂಕಿ ಆರಿತು, ಯಾರಿಗೂ ಏನೂ ಆಗಲಿಲ್ಲ. ಆದರೂ ಸಾಹೇಬರಿಗೆ ಆ ಅರ್ಧ ನಿಮಿಷವೇ ದೊಡ್ಡದಾಯಿತು.

“ತಪ್ಪಾಯ್ತು ಅಂತ ಎರಡು ಸಾಲು ಗೀಚಿ ಕೊಡಿ, ನಿಮ್ಮ ಗಂಟೇನು ಹೋಗುತ್ತೆ?” ಎಂದಳು ಹೆಂಡತಿ.

ಹೋಗುತ್ತದೆ. ನಾಲ್ಕು ಸಾವಿರ ಲೀಟರ್ ನೀರು ಹೊತ್ತ ಗಾಡಿ ಬ್ರೇಕ್ ಒತ್ತಿದ ತಕ್ಷಣ ನಿಲ್ಲುವುದಿಲ್ಲ. ಅದು ಸಾಹೇಬರ ಬಾಯಿಗೆ ಗೊತ್ತಿಲ್ಲ, ನನ್ನ ಕಾಲಿಗೆ ಗೊತ್ತು.

ಬರೆದಾಯಿತು: “ನಿಲ್ಲಿಸಿದ್ದು ನಿಜ. ದಾರಿ ಕಾಣದಿದ್ದರೆ ನಾಳೆಯೂ ನಿಲ್ಲಿಸುತ್ತೇನೆ.” ಕೆಳಗೆ ಸಹಿ ಹಾಕಿದೆ. ಸ್ಟೀರಿಂಗ್ ಕಿತ್ತುಕೊಂಡು ಆಫೀಸಿನಲ್ಲಿ ಕೂರಿಸುತ್ತಾರೋ ಏನೋ, ಕೂರಿಸಲಿ. ಆ ಹೆಂಗಸು ಈಗ ಮನೆಯಲ್ಲಿ ಮುದುಕನಿಗೆ ಊಟ ಬಡಿಸುತ್ತಿರಬಹುದು.